ಗ್ಲಾಸು ಖಾಲಿಯಾಗುವ ಮೊದಲು

ಫೆಬ್ರವರಿ 9

ಅತ್ತಿಗೆ,

ನಿಮ್ಮ ಕಟ್ಟಳೆಯಂತೆ ಗ್ಲಾಸನ್ನು ಎದುರಿಗಿಟ್ಟುಕೊಂಡೇ ಪೆನ್ನು ಹಿಡಿದಿದ್ದೇನೆ. ಬಿಯರ್ ಬಗ್ಗೆ ಫೋನಿನಲ್ಲಿ ಮಾತಾಡಬಾರದು, ಫೋನಿನಲ್ಲಿ ಎಲ್ಲರೂ "ಚೆನ್ನಾಗಿದೆ" ಅಂದು ಕೈತೊಳೆದುಕೊಳ್ಳುತ್ತಾರೆ. ಕುಡಿಯುತ್ತಲೇ ಬರೆಯಬೇಕು, ಗ್ಲಾಸು ಖಾಲಿಯಾಗುವ ಮೊದಲು ಮುಗಿಸಬೇಕು, ಅನಿಸಿದ್ದನ್ನೇ ಬರೆಯಬೇಕು. ನನಗೆ ವರ್ಗವಾಗಿ ಹೊರಟ ದಿನ ಬಸ್ಸಿನ ಕಿಟಕಿಯೊಳಗೆ ತಲೆ ತೂರಿಸಿ ನೀವು ಹೇಳಿದ್ದು ಇಷ್ಟೇ. ಬೇರೆಯವರ ಅತ್ತಿಗೆಯರು ಹೊತ್ತುಹೊತ್ತಿಗೆ ಊಟ ಮಾಡು ಅನ್ನುತ್ತಾರಂತೆ.

ಮನೆ ಮೂರನೇ ಮಹಡಿಯಲ್ಲಿದೆ. ಅಡುಗೆಮನೆಗಿಂತ ಬಚ್ಚಲೇ ದೊಡ್ಡದು. ಹಾಗಾಗಿ ಬಿಯರ್ ಹುದುಗುವ ಡ್ರಮ್ಮನ್ನು ಬಚ್ಚಲಲ್ಲೇ ಇಟ್ಟಿದ್ದೇನೆ. ನಾನು ಪಕ್ಕದಲ್ಲಿ ನಿಂತು ಸ್ನಾನ ಮಾಡುವಾಗ ಅದರ ಮುಚ್ಚಳದ ನಳಿಗೆ ಗುಳುಗುಳು ಅನ್ನುತ್ತಿರುತ್ತದೆ, ಬಾಯಿಗೆ ಕೈ ಅಡ್ಡ ಹಿಡಿದು ಯಾರೋ ನಗುತ್ತಿರುವ ಹಾಗೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡುವ ಕೆಲಸ. ಮನೆಗೆ ಹೋಗಿಯೂ ಅದನ್ನೇ ಮಾಡುತ್ತೇನೆ, ಆಮೇಲೆ ಕುಡಿಯುತ್ತೇನೆ ಎಂದರೆ ಜೊತೆಯವರು ಮುಖ ಸಿಂಡರಿಸುತ್ತಾರೆ.

ಈಗ ಕುಡಿಯುತ್ತಿರುವುದು ಆಸ್ಪತ್ರೆಯ ಹಿಂದಿನ ರಸ್ತೆಯ ಅಂಗಡಿಯದು. ತಾವೇ ಬಿಯರ್ ಮಾಡಿ ಮಾರುತ್ತಾರೆ, ಹನ್ನೆರಡು ನಲ್ಲಿಗಳಿವೆ. ಇದು ಗೋಧಿ ಬಿಯರ್. ಮೂಗಿಗೆ ಮೊದಲು ಬಾಳೆಹಣ್ಣು, ಹಿಂದೆಯೇ ಲವಂಗ. ಪಕ್ಕದ ನಲ್ಲಿಯ ಐಪಿಎ ಎಂಬ ಬಿಯರನ್ನು ಒಂದು ಗುಟುಕು ಕುಡಿದು ಬಿಟ್ಟೆ. ಹಾಪ್ಸ್ ಹೂವನ್ನು ಸಿಟ್ಟಿನಿಂದ ಸುರಿದಿದ್ದಾರೆ, ಅಷ್ಟು ಕಹಿ.

ಇದರ ಜೊತೆಗಿನ ಡಬ್ಬದಲ್ಲಿರುವುದು ಇಲ್ಲಿ ನಾನು ಮಾಡಿದ ಮೊದಲ ಬಿಯರ್. ಗ್ಲಾಸಿನಲ್ಲಿ ಇನ್ನು ಒಂದೇ ಗುಟುಕು ಇದೆ, ನಿಲ್ಲಿಸುತ್ತೇನೆ.

ನಿಮ್ಮ ನಾದಿನಿ,
ಮೆಣಸು


ಫೆಬ್ರವರಿ 21

ಮೆಣಸು,

ಮುಚ್ಚಳ ತೆಗೆದೆ, ಮೂಗಿಟ್ಟೆ, ಕೆಳಗಿಟ್ಟೆ. ಒದ್ದೆ ರಟ್ಟು. ಮಳೆಯಲ್ಲಿ ನೆನೆದ ರಟ್ಟಿನ ಡಬ್ಬವನ್ನು ಹಿಂಡಿ ಕಳಿಸಿದ್ದೀಯ. ಬಾಟಲಿಗೆ ತುಂಬುವಾಗ ಮೇಲಿಂದ ದಬದಬ ಸುರಿದಿದ್ದೀಯ, ಗಾಳಿ ಸೇರಿದೆ. ಕೊಳವೆ ಬಾಟಲಿಯ ತಳ ಮುಟ್ಟಬೇಕು ಎಂದು ನಾನು ಹೇಳಿದ್ದನ್ನು ಗೋಡೆ ಕೇಳಿಸಿಕೊಂಡಿದೆ, ನೀನು ಕೇಳಿಸಿಕೊಂಡಿಲ್ಲ.

ಆದರೆ ನೀರು ಒಳ್ಳೆಯದಿದೆ. ನಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದು, ಕುದಿಸಿ, ಕ್ಲೋರಿನ್ ಹೋಗಲು ತೆರೆದಿಟ್ಟಿದ್ದೀಯ. ಆ ಪಾಠ ಮರೆತಿದ್ದರೆ ಇದು ಗಾಯದ ಪ್ಲಾಸ್ಟರಿನ ಹಾಗೆ ನಾರುತ್ತಿತ್ತು. ಇನ್ನೊಂದನ್ನೂ ಮರೆಯಬೇಡ: ಗುಳುಗುಳು ನಿಂತ ತಕ್ಷಣ ಬಾಟಲಿಗೆ ತುಂಬಬೇಡ. ಇನ್ನೂ ಮೂರು ದಿನ ಬಿಡು. ಈಸ್ಟ್ ತಾನು ಮಾಡಿದ ಹೊಲಸನ್ನು ತಾನೇ ಗುಡಿಸಿಕೊಳ್ಳುವುದು ಆ ಮೂರು ದಿನದಲ್ಲೇ. ಮನುಷ್ಯರಿಗಿಂತ ವಾಸಿ.

ನಿಮ್ಮಣ್ಣ ನೀನು ಕಳಿಸಿದ ರಟ್ಟನ್ನೇ ಎರಡು ಗ್ಲಾಸು ಕುಡಿದು "ತಣ್ಣಗಿದೆ" ಅಂದರು. ಇಪ್ಪತ್ತೆರಡು ವರ್ಷದಿಂದ ಅವರ ತೀರ್ಪು ಅದೊಂದೇ. ನಾನು ಕುಡಿಯುತ್ತಿರುವುದು ನನ್ನ ಕಪ್ಪು ಸ್ಟೌಟ್. ಹುರಿದ ಬಾರ್ಲಿ ಈ ಸಲ ಕಾಫಿಯನ್ನೂ ದಾಟಿ ಚಾಕೊಲೇಟಿಗೆ ಹೋಗಿದೆ. ಹೊಗಳಿಕೊಳ್ಳುತ್ತಿದ್ದೇನೆ, ಹೌದು. ಮಾಡಿದವಳು ನಾನೇ, ಇನ್ಯಾರು ಹೊಗಳಬೇಕು.

ಬೇಕರಿಯಲ್ಲಿ ಒಲೆಯ ಮೇಲಿನ ಗಡಿಯಾರ ಕೆಟ್ಟು ತಿಂಗಳಾಯಿತು. ಯಜಮಾನರು ಸರಿಮಾಡಿಸುವ ಯೋಚನೆಯಲ್ಲಿಲ್ಲ. "ನಿಮ್ಮ ಮೂಗು ಇರುವಾಗ ಅದು ಯಾಕಮ್ಮ" ಅನ್ನುತ್ತಾರೆ. ಬ್ರೆಡ್ಡು ಬೆಂದಾಗ ನನಗೆ ಗೇಟಿನಿಂದಲೇ ಗೊತ್ತಾಗುತ್ತದೆ, ಅದು ಸುಳ್ಳಲ್ಲ.

ಬೈದೆ ಎಂದು ಮುಖ ಊದಿಸಿಕೊಳ್ಳಬೇಡ. ಬೈಯುವವರು ಬದುಕುವುದಕ್ಕೆ ಹೇಳುತ್ತಾರೆ. ಇನ್ನೊಂದು ಮಾಡಿ ಕಳಿಸು.

ನಿನ್ನ ಅತ್ತಿಗೆ


ಏಪ್ರಿಲ್ 14

ಮೆಣಸು,

ಬರೆಯಲು ತಡವಾಯಿತು. ಮಾರ್ಚ್ ಕೊನೆಗೆ ಒಂದು ವಾರ ಜ್ವರ. ಈಗ ಆರಾಮಾಗಿದ್ದೇನೆ.

ನಿನ್ನ ಎರಡನೇ ಬಾಟಲಿ ಚೆನ್ನಾಗಿದೆ. ಬಣ್ಣ ಚೆನ್ನಾಗಿದೆ, ನೊರೆ ಗ್ಲಾಸಿನ ಅಂಚಿಗೆ ಅಂಟಿ ನಿಲ್ಲುತ್ತದೆ. ಕಹಿ ಹದವಾಗಿದೆ. ವಾಸನೆಯೂ ಚೆನ್ನಾಗಿದೆ, ಹೊಸ ಗ್ರೀಸ್ ಡಬ್ಬಿ ತೆರೆದ ಹಾಗೆ ಶುದ್ಧವಾಗಿದೆ. ಹೀಗೇ ಮಾಡುತ್ತಿರು.

ನಿನ್ನ ಅತ್ತಿಗೆ


ಏಪ್ರಿಲ್ 30

ಅತ್ತಿಗೆ,

ಗ್ರೀಸ್? ಲಿಫ್ಟ್ ರಿಪೇರಿ ಮಾಡುವುದು ಅಣ್ಣ. ನೀವು ಯಾವಾಗಿನಿಂದ ಲಿಫ್ಟಿನ ಗುಂಡಿಗೆ ಇಳಿಯುತ್ತಿದ್ದೀರಿ?

ಎರಡು ಸಲ ಓದಿದೆ. ಬೈಗುಳ ಒಂದೂ ಸಿಗಲಿಲ್ಲ. ಹಾಳೆ ತಿರುಗಿಸಿ ನೋಡಿದೆ, ಹಿಂದೆಯೂ ಇರಲಿಲ್ಲ. ಜ್ವರದ ನಿಶ್ಶಕ್ತಿ ಎಂದುಕೊಂಡು ಈ ಸಲ ಬಿಟ್ಟಿದ್ದೇನೆ. ಅಣ್ಣನಿಗೆ ಹೇಳಿ, ನಿಮಗೆ ಚೆನ್ನಾಗಿ ಊಟ ಹಾಕಲಿ, ಬೈಯುವ ಬಾಯಿ ಬೇಗ ವಾಪಸು ಬರಲಿ.

ನಾನು ಕುಡಿಯುತ್ತಿರುವುದು ಹನ್ನೆರಡು ನಲ್ಲಿಯ ಅಂಗಡಿಯ ಹೊಗೆ ಬಿಯರ್. ಮಾಲ್ಟನ್ನು ಸೌದೆ ಹೊಗೆಯಲ್ಲಿ ಒಣಗಿಸುತ್ತಾರಂತೆ. ಮೊದಲ ಗುಟುಕಿಗೆ ಯಾರದೋ ಬಚ್ಚಲೊಲೆ ಮುಂದೆ ಕೂತ ಹಾಗಾಯಿತು. ಮೂರನೆಯದಕ್ಕೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಜೊತೆಗಿರುವ ಬಾಟಲಿ ಕಿತ್ತಳೆ ಸಿಪ್ಪೆಯದು. ಸಿಪ್ಪೆಯ ಒಳಗಿನ ಬಿಳಿಯನ್ನೆಲ್ಲ ಬ್ಲೇಡಿನಿಂದ ಕೆರೆದು, ನೆರಳಲ್ಲಿ ಒಣಗಿಸಿ, ಕುದಿಯ ಕೊನೆಯ ಐದು ನಿಮಿಷಕ್ಕೆ ಹಾಕಿದೆ. ಅತ್ತಿಗೆ, ಇದು ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು. ನಿಮ್ಮಿಂದ ಒಂದು ಒಳ್ಳೆಯ ಮಾತು ಗಿಟ್ಟಿಸಲೇಬೇಕೆಂದು ಮಾಡಿದ್ದು. ಆದರೂ ಅನಿಸಿದ್ದನ್ನೇ ಬರೆಯಿರಿ.

ಮೆಣಸು


ಮೇ 19

ಮೆಣಸು,

ನಿನ್ನ ಕಿತ್ತಳೆ ಬಿಯರ್ ಬಹಳ ಸೊಗಸಾಗಿದೆ. ಮುಚ್ಚಳ ತೆಗೆದ ಕೂಡಲೇ ಕಿತ್ತಳೆಯ ಘಮ ಅಡುಗೆಮನೆ ತುಂಬಿತು. ಸಿಪ್ಪೆಯ ಬಿಳಿ ತೆಗೆದು ಒಳ್ಳೆಯ ಕೆಲಸ ಮಾಡಿದೆ. ಕೊನೆಯ ಐದು ನಿಮಿಷಕ್ಕೆ ಹಾಕಿದ್ದೂ ಸರಿ. ನಾನು ಹೇಳುವುದೇನೂ ಉಳಿದಿಲ್ಲ. ಇನ್ನು ನಿನಗೆ ಗುರು ಬೇಕಾಗಿಲ್ಲ.

ನಿನ್ನ ಅತ್ತಿಗೆ


ಮೇ 27

ಅತ್ತಿಗೆ,

ಇವತ್ತು ಗ್ಲಾಸು ಇಟ್ಟುಕೊಂಡಿಲ್ಲ. ನೀರು ಕುಡಿದು ಬರೆಯುತ್ತಿದ್ದೇನೆ.

ಕಿತ್ತಳೆಯದರ ಜೊತೆಗೇ ನಾನು ಇನ್ನೊಂದು ಡ್ರಮ್ಮು ಮಾಡಿದ್ದೆ. ಅವಸರದಲ್ಲಿ ನೀರನ್ನು ನೇರ ನಲ್ಲಿಯಿಂದ ಹಿಡಿದುಬಿಟ್ಟೆ. ನಿಮ್ಮ ಮೊದಲನೇ ಪಾಠವನ್ನೇ ಮರೆತೆ. ಅದು ಪ್ಲಾಸ್ಟರ್ ವಾಸನೆ ಹೊಡೆಯಿತು, ನಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮನ್ನು ಬಾಟಲಿಯಲ್ಲಿ ತುಂಬಿದ ಹಾಗೆ. ಚೆಲ್ಲಬೇಕೆಂದು ಬೇರೆ ಡಬ್ಬಕ್ಕೆ ಹಾಕಿಟ್ಟಿದ್ದೆ. ನಿನ್ನೆ ಚೆಲ್ಲಲು ಕೂತು ಮೊದಲನೇ ಬಾಟಲಿ ತೆಗೆದರೆ ಕಿತ್ತಳೆ ಘಮ. ಎಲ್ಲ ಬಾಟಲಿಯೂ ಕಿತ್ತಳೆಯೇ. ಡಬ್ಬಗಳು ಅದಲುಬದಲಾಗಿವೆ. ನಿಮಗೆ ಕಳಿಸಿದ್ದು ಪ್ಲಾಸ್ಟರ್.

ಅಂದರೆ ನೀವು ಅದನ್ನು ತೆರೆಯಲೇ ಇಲ್ಲ. ನನ್ನ ಕಾಗದದಲ್ಲಿದ್ದ ಮಾತನ್ನೇ ತಿರುಗಿಸಿ ನನಗೆ ಕಳಿಸಿದ್ದೀರಿ. ನನ್ನ ಬಿಯರ್ ಕುಡಿದು ಕುಡಿದು ಬೇಜಾರಾಗಿದ್ದರೆ ಹಾಗಂತ ಬರೆಯಬಹುದಿತ್ತು. ಸಾಕು ಮಾರಾಯ್ತಿ, ಕಳಿಸಬೇಡ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನಗೆ ಅಮ್ಮ ಹೋದಮೇಲೆ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುತ್ತಿದ್ದವರು ನೀವೊಬ್ಬರೇ. ನೀವೂ ಎಲ್ಲರ ಹಾಗೆ "ಚೆನ್ನಾಗಿದೆ" ಅಂದು ಕೈತೊಳೆದುಕೊಂಡಿರಿ.

ನಿಮ್ಮ ನಾದಿನಿ


ಜೂನ್ 22

ತಂಗಿ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಲಿಫ್ಟ್ ರಿಪೇರಿಯ ವರದಿ ಬರೆದು ಗೊತ್ತು. ಹಾಗೇ ಬರೆಯುತ್ತೇನೆ.

ದೂರು: ನಿಮ್ಮತ್ತಿಗೆ ನಿನಗೆ ಕಾಗದ ಬರೆದು ಬರೆದು ಹರಿಯುತ್ತಿದ್ದಾಳೆ. ಇದುವರೆಗೆ ಎಂಟು ಸಲ.

ಕಾರಣ: ಗೊತ್ತಿದೆ. ಹೇಳುವ ಹಾಗಿಲ್ಲ. ಆಣೆ ಹಾಕಿಸಿಕೊಂಡಿದ್ದಾಳೆ.

ಸ್ಥಳ ಪರಿಶೀಲನೆ: ನೀನು ಅಂದುಕೊಂಡದ್ದು ತಪ್ಪು. ನಿನ್ನ ಬಾಟಲಿಯನ್ನು ಅವಳು ತಳದವರೆಗೆ ಕುಡಿದಿದ್ದಾಳೆ. ಖಾಲಿ ಬಾಟಲಿ ನಾನೇ ತೊಳೆದಿದ್ದೇನೆ. ಆ ವಾಸನೆಗೆ ನನ್ನ ತಲೆ ತಿರುಗಿತು.

ಪರಿಹಾರ: ನನ್ನ ಕೈಲಿಲ್ಲ. ನೀನು ಒಂದು ಕಾಗದ ಹಾಕು.

ಅಣ್ಣ


ಜುಲೈ 2

ಮೆಣಸು,

ನೀನು ಬರೆದ "ಕುಡಿದಿದ್ದೀರಿ ಎಂದು ಅಣ್ಣ ಹೇಳುತ್ತಾನೆ, ಹಾಗಾದರೆ ಏನಾಯಿತು ಹೇಳಿ" ಎಂಬ ಒಂದು ಸಾಲಿನ ಕಾರ್ಡು ಬಂತು. ಹೇಳುತ್ತೇನೆ. ಇದನ್ನು ಹರಿಯಲು ಬಿಡುವುದಿಲ್ಲ ಎಂದು ನಿಮ್ಮಣ್ಣ ಎದುರಿಗೇ ಕೂತಿದ್ದಾರೆ.

ಮಾರ್ಚಿನ ಜ್ವರ ಒಂದು ವಾರಕ್ಕೆ ಹೋಯಿತು. ಹೋಗುವಾಗ ನನ್ನ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ಗೊತ್ತಾಗುತ್ತವೆ. ಅದರಾಚೆ ಏನೂ ಇಲ್ಲ. ನನ್ನ ಸ್ಟೌಟ್ ಕುಡಿದರೆ ತಣ್ಣಗಿನ ಕಹಿ ನೀರು. ಇಪ್ಪತ್ತೆರಡು ವರ್ಷ ನಿಮ್ಮಣ್ಣನನ್ನು ಆಡಿಕೊಂಡೆ. ಈಗ ನನ್ನ ತೀರ್ಪೂ ಅದೇ, ತಣ್ಣಗಿದೆ.

ಜ್ವರ ಬಿಟ್ಟು ಬೇಕರಿಗೆ ಹೋದ ಮೂರನೇ ದಿನ ನಲವತ್ತು ಬ್ರೆಡ್ಡು ಇದ್ದಲಾದವು. ನಾನು ಒಲೆಯೆದುರೇ ನಿಂತಿದ್ದೆ. ಮುಂದಿನ ಕೋಣೆಯವರೆಲ್ಲ ಓಡಿಬಂದರು. ಇವರು ಯಾಕೆ ಓಡಿಬರುತ್ತಿದ್ದಾರೆ ಎಂದು ನಾನು ನೋಡುತ್ತ ನಿಂತಿದ್ದೆ, ಮೆಣಸು. ಯಜಮಾನರು ಬೈಯಲಿಲ್ಲ. ಮರುದಿನ ಒಲೆಯ ಮೇಲೆ ಹೊಸ ಗಡಿಯಾರ ಬಂದಿತ್ತು. ನನ್ನನ್ನು ಮುಂದಿನ ಕೋಣೆಗೆ ಹಾಕಿದರು. ಗಾಜಿನ ಬಾಗಿಲು, ಫ್ಯಾನು, ಕೂರಲು ಕುರ್ಚಿ. ಬಿಸ್ಕತ್ತಿನ ಪೊಟ್ಟಣಕ್ಕೆ ಚೀಟಿ ಅಂಟಿಸುತ್ತೇನೆ. ಆಳು ಕಡಿಮೆಯಾಗಿದ್ದಕ್ಕೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. ಅದೂ ಸುಳ್ಳೇ.

ಏಪ್ರಿಲ್‌ನ ಬಾಟಲಿಯನ್ನು ನಿಮ್ಮಣ್ಣನಿಗೆ ಮೂಸಲು ಕೊಟ್ಟು, ಅವರು ಹೇಳಿದ್ದನ್ನು ಬರೆದೆ. ಅವರಿಗೆ ಲೋಕದಲ್ಲಿ ಎರಡೇ ವಾಸನೆ, ಹಳೇ ಗ್ರೀಸು, ಹೊಸ ಗ್ರೀಸು. ಕಿತ್ತಳೆಯದು ಬಂದ ದಿನ ಯಾವುದೋ ಆಫೀಸಿನಲ್ಲಿ ಲಿಫ್ಟು ಮಧ್ಯದಲ್ಲಿ ನಿಂತು, ಇವರನ್ನು ಕರೆದುಕೊಂಡು ಹೋಗಿದ್ದರು. ನಾನೊಬ್ಬಳೇ ಇದ್ದೆ. ಮೂಸಿದೆ, ಉಸಿರು ಕಟ್ಟುವವರೆಗೆ ಮೂಸಿದೆ. ಏನೂ ಇಲ್ಲ. ನಿನ್ನ ಕಾಗದ ಪಕ್ಕದಲ್ಲಿತ್ತು. ನೋಡಿಕೊಂಡು ಬರೆದೆ. ಪರೀಕ್ಷೆಯಲ್ಲಿ ನಕಲು ಹೊಡೆದವಳ ಹಾಗೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನೀನು ನಮ್ಮ ಮನೆಯಲ್ಲಿ ಹುಟ್ಟಿದವಳು, ನಾನು ಬಂದವಳು. ಮೊದಲ ಎರಡು ವರ್ಷ ನೀನು ನನ್ನ ಹತ್ತಿರ ಸರಿಯಾಗಿ ಮಾತೇ ಆಡಿರಲಿಲ್ಲ. ಹಿತ್ತಿಲಲ್ಲಿ ಹಂಡೆ ಇಟ್ಟು ಬಾರ್ಲಿ ಬೇಯಿಸುತ್ತಿದ್ದಾಗ "ಅದೇನು ವಾಸನೆ" ಎಂದು ಕೇಳುತ್ತ ಬಂದೆಯಲ್ಲ, ನೀನು ನನಗೆ ಸಿಕ್ಕಿದ್ದು ಅವತ್ತು. ನಿನ್ನನ್ನು ಬೈಯುವ ಹಕ್ಕು ನನಗೆ ಈ ಮೂಗಿನಿಂದ ಬಂತು. ಅದೇ ಇಲ್ಲದ ಮೇಲೆ ನನಗೆ ನೀನು ಯಾಕೆ ಬರೆಯುತ್ತೀಯ ಅನ್ನಿಸಿತು. ಹೆದರಿದೆ, ಅಷ್ಟೇ.

ಪಕ್ಕದ ಬೀದಿಯ ಅಡುಗೆ ಕಂಟ್ರಾಕ್ಟರರು ಹಂಡೆ ಕೇಳಿದ್ದಾರೆ. ತಿಂಗಳ ಕೊನೆಗೆ ಕೊಟ್ಟುಬಿಡುತ್ತೇನೆ. ಕುರುಡಿ ಯಾಕೆ ಕನ್ನಡಿ ಇಟ್ಟುಕೊಳ್ಳಬೇಕು. ನಾನು ಇನ್ನು ಬಿಯರ್ ಮಾಡುವುದಿಲ್ಲ.

ನಿನ್ನ ಅತ್ತಿಗೆ


ಜುಲೈ 8

ಅತ್ತಿಗೆ,

ಹಂಡೆ ಕೊಟ್ಟರೆ ನಾನು ನಿಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ. ಹತ್ತುತ್ತೇನೆ, ಆದರೆ ಮಾತಾಡುವುದಿಲ್ಲ. ಮೊದಲ ಎರಡು ವರ್ಷ ಮಾತಾಡದೆ ಇದ್ದ ಅಭ್ಯಾಸ ನನಗಿದೆ.

ತಪ್ಪಾಯಿತು. ಮೇ ತಿಂಗಳ ನನ್ನ ಕಾಗದವನ್ನು ಒಲೆಗೆ ಹಾಕಿ. ನನ್ನ ಮೂಗಿನ ನೇರಕ್ಕೇ ಯೋಚಿಸಿದೆ. ನೀವು ಬೈಯಲಿಲ್ಲ ಅಂದರೆ ನಿಮಗೇನೋ ಆಗಿದೆ ಎಂದು ಹೊಳೆಯಬೇಕಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು, ನನಗೇ ಹೊಳೆಯಲಿಲ್ಲ. ನಿಮ್ಮ ಕಾಗದ ಓದಿ ಲ್ಯಾಬಿನ ಫ್ರಿಜ್ಜಿನ ಹಿಂದೆ ನಿಂತು ಅತ್ತೆ.

ನಮ್ಮ ಕಿವಿ-ಮೂಗಿನ ಡಾಕ್ಟರನ್ನು ಕೇಳಿದೆ. ಇಂಥದ್ದು ಕೆಲವರಿಗೆ ವಾಪಸು ಬರುತ್ತದೆ, ಕೆಲವರಿಗೆ ಅರ್ಧಂಬರ್ಧ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಸುಳ್ಳು ಹೇಳಬೇಡ ಎಂದು ಕಲಿಸಿದವರು ನೀವು, ಅದಕ್ಕೇ ಮೂರನ್ನೂ ಬರೆದೆ. ಲವಂಗ, ನಿಂಬೆ ಸಿಪ್ಪೆ ದಿನಕ್ಕೆರಡು ಸಲ ಮೂಸಬೇಕಂತೆ, ಬಿಡದೆ ತಿಂಗಳುಗಟ್ಟಲೆ. ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿ. ಅಣ್ಣನನ್ನು ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಬಿಯರ್ ಮಾಡಿ. ಕಿವಿ ಇದೆಯಲ್ಲ, ಗುಳುಗುಳು ಕೇಳುತ್ತದೆ. ಕೈ ಇದೆ, ಡ್ರಮ್ಮಿನ ಮೈ ಬಿಸಿ ಗೊತ್ತಾಗುತ್ತದೆ. ಕಣ್ಣಿದೆ. ಮೂಗಿಗೆ ಅಣ್ಣ ಇದ್ದಾನೆ. ಗ್ರೀಸಿನ ಮೂಗಾದರೂ ಮೂಗೇ. ಮಾಡಿ ನನಗೆ ಒಂದು ಬಾಟಲಿ ಕಳಿಸಿ. ಅನಿಸಿದ್ದನ್ನೇ ಬರೆಯುತ್ತೇನೆ, ಗ್ಲಾಸು ಖಾಲಿಯಾಗುವ ಮೊದಲು. ಅಯ್ಯೋ ಪಾಪ ಎಂದು ಒಂದು ಅಕ್ಷರ ಬರೆದರೆ ಅವತ್ತೇ ಹಂಡೆ ಕೊಟ್ಟುಬಿಡಿ.

ನಿಮ್ಮ,
ಮೆಣಸು


ಸೆಪ್ಟೆಂಬರ್ 12

ಮೆಣಸು,

ಡಾಕ್ಟರು ನಿನ್ನ ಡಾಕ್ಟರು ಹೇಳಿದ್ದನ್ನೇ ಹೇಳಿದರು. ಲವಂಗ ಮೂಸುತ್ತಿದ್ದೇನೆ. ಇನ್ನೂ ಏನೂ ಇಲ್ಲ.

ಹಂಡೆ ಕೊಡಲಿಲ್ಲ. ಹೋದ ತಿಂಗಳು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ನೀರನ್ನು ಹಿಂದಿನ ದಿನವೇ ಹಿಡಿದಿಟ್ಟೆ, ಕೆಲವರ ಹಾಗಲ್ಲ. ಬರಿಯ ಹೊಂಬಣ್ಣದ ಸಾದಾ ಬಿಯರ್, ಬೇರೇನೂ ಹಾಕಿಲ್ಲ. ಸಾದಾದರಲ್ಲಿ ತಪ್ಪು ಅಡಗಿಸಿಡಲು ಜಾಗವಿರುವುದಿಲ್ಲ.

ಡ್ರಮ್ಮಿನ ಮೈಗೆ ಕಿವಿಯಿಟ್ಟು ಕೂರುತ್ತಿದ್ದೆ. ಮೂಗಿದ್ದಾಗ ಯಾವತ್ತೂ ಹೀಗೆ ಕೇಳಿಸಿಕೊಂಡಿರಲಿಲ್ಲ. ಮೊದಲು ಸೋನೆಯ ಹಾಗೆ, ಎರಡನೇ ದಿನ ಬಿಡದ ಮಳೆಯ ಹಾಗೆ, ಆಮೇಲೆ ಒಂದೊಂದೇ ಹನಿ. ಎಂಟನೇ ದಿನ ನಿಂತಿತು. ಮೊದಲಾದರೆ ಮುಚ್ಚಳ ತೆಗೆದು ಮೂಸಿ, ಇನ್ನೂ ಎಷ್ಟು ದಿನ ಬೇಕೆಂದು ಹೇಳುತ್ತಿದ್ದೆ. ಈ ಸಲ ನಿಮ್ಮಣ್ಣನನ್ನು ಕೂಗಿದೆ. ಅವರು ಡ್ರಮ್ಮಿನೊಳಗೆ ತಲೆ ಹಾಕಿ ಬಹಳ ಹೊತ್ತು ನಿಂತರು. ಗ್ರೀಸು ಅನ್ನಲಿಲ್ಲ. "ಏನೂ ತಪ್ಪಿಲ್ಲ ಕಣೇ, ನಮ್ಮನೆ ವಾಸನೆ ಬರ್ತಿದೆ, ತುಂಬು" ಅಂದರು. ಅಷ್ಟು ಗಟ್ಟಿಯಾಗಿ ಅವರು ಯಾವುದನ್ನೂ ಹೇಳಿದವರಲ್ಲ. ಮೂರು ದಿನ ಬಿಡಬೇಕಿತ್ತು, ಬಿಡಲಿಲ್ಲ. ಆಸೆ ತಡೆಯಲಾಗಲಿಲ್ಲ.

ಅವರು ಕುಡಿದು ಕುಡಿದು ಹೊಗಳುತ್ತಿದ್ದಾರೆ. ಎದುರುಮನೆಯವರಿಗೆ ಕೊಟ್ಟೆ, ಅವರೂ ಚೆನ್ನಾಗಿದೆ ಅಂದರು. ಆದರೆ ಅವರಿಗೆಲ್ಲ ನನ್ನ ಸಂಗತಿ ಗೊತ್ತು. ಬಾಟಲಿ ಇದರ ಜೊತೆಗಿದೆ. ನಿನ್ನ ಕಾಗದ ಬರುವವರೆಗೆ ಇದು ನನಗೆ ಬಿಯರ್ ಅಲ್ಲ.

ನಿನ್ನ ಅತ್ತಿಗೆ


ಸೆಪ್ಟೆಂಬರ್ 20

ಅತ್ತಿಗೆ,

ಬಣ್ಣ ಚಿನ್ನ. ಅಂಥ ತಿಳಿಯನ್ನು ಹನ್ನೆರಡು ನಲ್ಲಿಯ ಅಂಗಡಿಯಲ್ಲೂ ನೋಡಿಲ್ಲ. ನೊರೆ ಬಿಳಿ, ಸಣ್ಣ ಗುಳ್ಳೆ, ಕೊನೆಯವರೆಗೆ ನಿಂತಿತು.

ಇಷ್ಟು ಬರೆದು ಅರ್ಧ ಗಂಟೆ ಪೆನ್ನು ಕೆಳಗಿಟ್ಟಿದ್ದೆ. ಇಲ್ಲಿಗೇ ಮುಗಿಸಿ ಸಹಿ ಹಾಕೋಣ ಅನ್ನಿಸಿತು. ಗ್ಲಾಸಿನಲ್ಲಿ ಎರಡು ಗುಟುಕು ಉಳಿದಿದೆ. ಬರೆಯುತ್ತೇನೆ.

ಬೆಣ್ಣೆ. ಕರಗಿದ ಬೆಣ್ಣೆಯ ವಾಸನೆ ಹೊಡೆಯುತ್ತದೆ, ಮೊದಲಿನಿಂದ ಕೊನೆಯವರೆಗೆ. ನಾಲಿಗೆ ಮೇಲೆ ಜಿಡ್ಡು ಕೂತಿದೆ. ಇದು ಈಸ್ಟ್ ಗುಡಿಸದೆ ಬಿಟ್ಟ ಹೊಲಸು. ಮೂರು ದಿನ ಬಿಡು ಎಂದು ನನಗೆ ಹೇಳಿದವರು, ನೀವು ಬಿಡಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪಾಪದ ಮಾತಿಲ್ಲ, ಅತ್ತಿಗೆ, ಇದು ಹಾಳಾಗಿದೆ. ಎಲ್ಲ ಚೆಲ್ಲಿ, ಹೊಸದಾಗಿ ಮಾಡಿ.

ಅಣ್ಣನನ್ನು ಕೇಳಿ. ಬೆಣ್ಣೆ ಡಬ್ಬದೊಳಗೆ ತಲೆ ಹಾಕಿ "ಏನೂ ತಪ್ಪಿಲ್ಲ" ಎಂದ ಅವನ ಮೂಗು ಇರುವುದು ಮುಖದ ಮೇಲೋ, ಹೆಗಲ ಮೇಲೋ.

ಕೊನೆಯ ಗುಟುಕು ಕುಡಿಯಲಿಲ್ಲ. ಬಚ್ಚಲಿಗೆ ಚೆಲ್ಲಿದೆ.

ನಿಮ್ಮ,
ಮೆಣಸು


ಅಕ್ಟೋಬರ್ 1

ಮೆಣಸು,

ನಿನ್ನ ಕಾಗದವನ್ನು ಬೇಕರಿಯ ಗಾಜಿನ ಬಾಗಿಲ ಹತ್ತಿರ ನಿಂತು ಓದಿದೆ. "ಹಾಳಾಗಿದೆ" ಎಂಬಲ್ಲಿಗೆ ಬಂದಾಗ ಜೋರಾಗಿ ನಕ್ಕೆನಂತೆ. ಯಜಮಾನರು ಬಂದು ಏನಾಯಿತಮ್ಮ ಅಂದರು. ನನ್ನ ಬಿಯರ್ ಹಾಳಾಗಿದೆ ಅಂದೆ. ಆರು ತಿಂಗಳಿಂದ ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡುತ್ತಿದ್ದರು. ನೀನೊಬ್ಬಳು ಎತ್ತಿ ಕುಕ್ಕಿದೆ. ನಾನು ಇನ್ನೂ ಬಿಯರ್ ಮಾಡುವವಳು ಎಂದು ನನಗೆ ಗೊತ್ತಾಗಿದ್ದು ಅವತ್ತು.

ಮನೆಗೆ ಬಂದು ನಿಮ್ಮಣ್ಣನನ್ನು ನಿಲ್ಲಿಸಿ ಕೇಳಿದೆ. ಬೆಣ್ಣೆ ವಾಸನೆ ನಿಮಗೆ ಗೊತ್ತಾಗಲಿಲ್ಲವಾ ಅಂದೆ. ಗೊತ್ತಾಯಿತು ಅಂದರು. ಮತ್ತೆ ತಪ್ಪಿಲ್ಲ ಅಂತ ಯಾಕೆ ಹೇಳಿದಿರಿ ಅಂದೆ. ಅವರು ಕೈಯೊರೆಸುವ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ನೀನು ಒಲೆ ಕೆಲಸದಿಂದ ಬಂದ್ರೆ ದಿನಾ ಆ ವಾಸನೆ ಬರ್ತಿತ್ತು ಕಣೇ. ಸೀರೇಲಿ, ಕೂದಲಲ್ಲಿ. ಮುಂದಿನ ರೂಮಿಗೆ ಹಾಕಿದ ಮೇಲೆ ಬರ್ತಿಲ್ಲ. ಏಪ್ರಿಲ್‌ನಿಂದ ಮನೆಗೆ ಬಂದಾಗೆಲ್ಲ ಏನೋ ಕಳ್ಕೊಂಡ ಹಾಗಿತ್ತು. ಡ್ರಮ್ಮಿನ ಮುಚ್ಚಳ ತೆಗೆದೆಯಲ್ಲ, ಬಂತು. ಅದನ್ನ ತಪ್ಪು ಅಂತ ಹ್ಯಾಗೆ ಹೇಳಲಿ."

ಇಪ್ಪತ್ತೆರಡು ವರ್ಷ ಎಲ್ಲರ ಬಾಟಲಿಗೂ ಮೂಗಿಟ್ಟವಳು ನಾನು. ನನ್ನ ಮೈಗೆ ಬೆಣ್ಣೆ ವಾಸನೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅವರು ಒಂದು ದಿನವೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಇಬ್ಬರೂ ಡ್ರಮ್ಮಿನ ಪಕ್ಕ ನೆಲದ ಮೇಲೆ ಕೂತೆವು. ಅಳು ಬಂತು, ಅತ್ತೆ.

ನಿನ್ನೆ ಎಲ್ಲ ಚೆಲ್ಲಿದೆ. ನಿಮ್ಮಣ್ಣ ಒಂದೊಂದೇ ಬಾಟಲಿ ತೆಗೆದು ಕೊಟ್ಟರು. ಕೊನೆಯದೊಂದನ್ನು ಕೊಡಲಿಲ್ಲ. ಅವರ ಗ್ರೀಸ್ ಡಬ್ಬಿಗಳ ನಡುವೆ ಇಟ್ಟುಕೊಂಡಿದ್ದಾರೆ. ಕುಡಿಯುವುದಕ್ಕಲ್ಲವಂತೆ.

ಇನ್ನು ಮೇಲೆ ಅವರ ಮೂಗನ್ನು ಬೆಣ್ಣೆಯ ವಿಷಯದಲ್ಲಿ ನಂಬುವುದಿಲ್ಲ. ಗುಳುಗುಳು ನಿಂತ ಮೇಲೆ ಮೂರು ದಿನವಲ್ಲ, ಐದು ದಿನ ಬಿಡುತ್ತೇನೆ. ನಾಳೆ ಹಂಡೆ ಇಡುತ್ತೇನೆ. ನೀರು ಇವತ್ತೇ ಹಿಡಿದಿಟ್ಟಿದ್ದೇನೆ.

ನಿನ್ನ ಅತ್ತಿಗೆ